ಸಂಗಯ್ಯನವರ ಮೊದಲ ಫೋನು

೧೯೬೩ನೇ ಇಸವಿ. ಶಿರಸಿಯ ಒಂದು ಸಹಕಾರಿ ಸಂಘದ ಕಚೇರಿಗೆ ಫೋನು ಬಂದು ತಿಂಗಳಾಗಿತ್ತು. ಅಧ್ಯಕ್ಷ ಸಂಗಯ್ಯನವರು ಮಾತ್ರ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಯಲ್ಲಾಪುರ ಶಾಖೆಗೆ ಏನು ತಿಳಿಸಬೇಕಾದರೂ ಚೀಟಿ ಬರೆದು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು.

"ಮಾರಿ-ಮುಖ ಕಾಣದ ಮಾತು ಎಂಥಾ ಮಾತ್ರೀ!" ಎಂದು ನಕ್ಕುಬಿಡುತ್ತಿದ್ದರು. ಹಳೇ ಕಾಲದವರು, ಹೊಸದು ಒಗ್ಗುವುದಿಲ್ಲ ಎಂದುಕೊಂಡು ಎಲ್ಲರೂ ಸುಮ್ಮನಾಗಿದ್ದರು.

ನಿಜ ಬೇರೆಯೇ ಇತ್ತು. ನಾಲ್ಕೈದು ವರ್ಷದಿಂದ ಅವರಿಗೆ ಕಿವಿ ಮಂದವಾಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಹೆಂಡತಿ ಪಾರ್ವತವ್ವನ ಹೊರತು ಯಾರಿಗೂ ಹೇಳಿರಲಿಲ್ಲ. ಕಿವುಡ ಅಧ್ಯಕ್ಷ ಎಂದಾರು ಎಂಬ ಅಳುಕು.

ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದಾಗ ಟೈಪಿಸ್ಟ್ ಜಯಾ ಒಳಗೆ ಬಂದಳು. ಅವರ ಎದುರಿಗೇ ನಿಂತು ನಿಧಾನವಾಗಿ ಹೇಳಿದಳು.

"ಸಾಹೇಬ್ರೆ, ಯಲ್ಲಾಪುರ ಶಾಖೆಯ ಮಂಜಪ್ಪನವರು ಈಗ ಫೋನಿನಲ್ಲಿ ಒಂದು ಪತ್ರ ಓದ್ತಾರೆ. ಅದರ ನಕಲು ಇದು. ಸಾಲು ಸಾಲೂ ತಾಳೆ ನೋಡ್ತಾ ಕೇಳಿ, ಆಯ್ತಾ?"

ಪತ್ರ ಕೈಯಲ್ಲೇ ಇದ್ದ ಮೇಲೆ ತಪ್ಪುವ ಭಯವೇನು? ಲೈನು ಸಿಕ್ಕಿತು. ಸಂಗಯ್ಯನವರು ರಿಸೀವರನ್ನು ಕಿವಿಗೆ ಒತ್ತಿಕೊಂಡರು. ಮೊದಲು ಬರೀ ಗೊರಗೊರ. ಆಮೇಲೆ, "ಉಮ್ಮಚಗಿಯ ಸದಸ್ಯರ ಸಭೆ ಬರುವ ಸೋಮವಾರ..." ಬೆರಳು ಅದೇ ಸಾಲಿನ ಮೇಲಿತ್ತು. ಒಂದೊಂದು ಶಬ್ದವೂ ಕಿವಿಯೊಳಗೇ ಬಂದು ಕೂತಂತೆ, ಕೋಣೆಯಲ್ಲಿ ಆಡಿದ ಮಾತಿಗಿಂತ ನಿಚ್ಚಳ!

ಪತ್ರ ಮುಗಿಯಿತು. ದನಿ ಮುಗಿಯಲಿಲ್ಲ.

"ಸಂಗಯ್ಯನೋರೇ, ಪಾರ್ವತಕ್ಕನ ಮೊಣಕಾಲು ನೋವು ಹೇಗದೆ ಈಗ?"

ಕಾಗದದಲ್ಲಿ ಆ ಸಾಲಿರಲಿಲ್ಲ. ತಿರುವಿ ನೋಡಿದರು, ಹಿಂಬದಿ ಖಾಲಿ. ಅದು ಓದಿದ್ದಲ್ಲ, ಕಿವಿಗೇ ಕೇಳಿಸಿದ್ದು ಎಂದು ಆಗ ಹೊಳೆಯಿತು.

"ಆರಾಮ ಅದಾಳ್ರೀ! ನಿನ್ನೆ ಪ್ಯಾಟಿಗೆ ನಡಕೋತ ಹೋಗಿ ಬಂದ್ಳು!"

ಆ ಕೂಗಿಗೆ ರಸ್ತೆಯಾಚೆಯ ಅಂಗಡಿಯವರು ತಿರುಗಿ ನೋಡಿದರು. ಅತ್ತ ಮಂಜಪ್ಪನವರು ನಕ್ಕರು. ಗೆಳೆಯನ ಆ ನಗೆಯನ್ನು ಸಂಗಯ್ಯನವರು ಎಷ್ಟೋ ವರ್ಷದಿಂದ ಕಂಡಿದ್ದರೇ ಹೊರತು ಕೇಳಿರಲಿಲ್ಲ.

ಫೋನು ಇಟ್ಟು ಜಯಾಳ ಕಡೆ ತಿರುಗಿದರು.

"ನಿನಗ ಹ್ಯಾಂಗ ಗೊತ್ತಾತವ್ವಾ?"

"ನಮ್ಮ ಅಪ್ಪಯ್ಯನೂ ಬಾಯಿ ನೋಡೇ ಮಾತು ತಿಳ್ಕೊಳ್ತಿದ್ದ," ಎಂದಳು ಜಯಾ. "ನಾನು ಯಾರಿಗೂ ಹೇಳೂದಿಲ್ಲ, ಸಾಹೇಬ್ರೆ."

ಸಂಗಯ್ಯನವರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. "ನೀ ಯಾಕ ಹೇಳ್ತೀ? ನಾನೇ ಹೇಳ್ತೀನಿ."

ಮುಂದಿನ ಸಭೆಯಲ್ಲಿ ಹೇಳಿಯೂಬಿಟ್ಟರು. ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕುರ್ಚಿಗಳನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತರು.