ಸಡಿಲವಾಗದ ಪಿನ್ನು

ನಾನು ಒಂದು ಗಿಟಾರ್ ಆಂಪ್ಲಿಫೈಯರ್. ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯಾದ ಮೇಲಷ್ಟೇ ಬಾಯಿ ಬಿಡುವ ಹಳೆಯ ಜಾತಿ. ಹುಟ್ಟಿದ್ದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ರೇಡಿಯೊ ರಿಪೇರಿಯ ದಾನಿಯೇಲಪ್ಪನ ಮೇಜಿನ ಮೇಲೆ. ಅವನು ನನ್ನನ್ನು ಕಟ್ಟಿದ್ದು ಮಗಳು ಎಸ್ತೇರಳಿಗಾಗಿ. ಅವಳು ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ ಸಿನಿಮಾ ಹಾಡು ನುಡಿಸುತ್ತಿದ್ದಳು.

ದಾನಿಯೇಲಪ್ಪ ಅವಸರದ ಮನುಷ್ಯನಲ್ಲ. ನನ್ನೊಳಗಿನ ಪ್ರತಿ ವೈರಿನ ತುದಿಯನ್ನೂ ಕೊಕ್ಕೆಯಂತೆ ಬಗ್ಗಿಸಿ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಬೆಸುಗೆ ಹಾಕಿದ. ಹಿಂಬದಿಯ ಹಲಗೆಗೆ ನಾಲ್ಕೇ ಸ್ಕ್ರೂ. ಅವನ್ನು ಬಿಚ್ಚಿದರೆ ನನ್ನ ಹೊಟ್ಟೆಯೆಲ್ಲ ಬೆಳಕಿಗೆ.

"ನಾ ಸತ್ತ ಮ್ಯಾಲೂ ಯಾರಾದ್ರೂ ರಿಪೇರಿ ಮಾಡೂವಂಗ ಇರಬೇಕವಾ," ಎನ್ನುತ್ತಿದ್ದ.

ಎಸ್ತೇರ ಚನ್ನವೀರ ಮಾಸ್ತರನ ಆರ್ಕೆಸ್ಟ್ರಾ ಸೇರಿದಳು. ಮಾಸ್ತರ ಗಾಯಕ, ಬೆರಳ ತುಂಬ ಉಂಗುರ, ಬಾಯಿ ತುಂಬ ನಗು.

"ದಾನೇಲಪ್ಪಾರ, ಇದನ್ನ ಲಾರಿಗೆ ಏರಿಸೋದ್ರಾಗ ನಡಾ ಮುರೀತೈತಿ. ಸ್ಪೀಕರ್ ಪೆಟ್ಟಿಗಿ ಬ್ಯಾರೆ ಮಾಡಿಕೊಡ್ರೆಲಾ," ಅಂದ.

ಹಾಗೇ ಆಯಿತು. ನನಗೂ ಸ್ಪೀಕರಿಗೂ ನಡುವೆ ಒಂದು ವೈರು, ಅದರ ತುದಿಗೆ ನನ್ನ ಬೆನ್ನಿಗೆ ಚುಚ್ಚುವ ಒಂದು ಪಿನ್ನು. ಲಾರಿಯ ಕುಲುಕಾಟಕ್ಕೆ ಸಡಿಲವಾಗದಂತೆ ದಾನಿಯೇಲಪ್ಪ ಅದು ಬಿಗಿಯಾಗಿ ಕೂರುವಂತೆ ಮಾಡಿದ. ಆಮೇಲೆ ಆರ್ಕೆಸ್ಟ್ರಾದವರನ್ನೆಲ್ಲ ಕರೆದು ಹೇಳಿದ: "ವಾಲ್ವ್ ಉರಿಯೂ ಮುಂದ ಈ ಪಿನ್ ತೆಗೀಬ್ಯಾಡ್ರಿ. ಸ್ಪೀಕರ್‌ಗೆ ಹೋಗೂ ಶಕ್ತಿಗೆ ದಾರಿ ಇಲ್ಲದಂಗಾಗಿ ಟ್ರಾನ್ಸ್‌ಫಾರ್ಮರ್ ಸುಡತೈತಿ."

"ತೆಗದ್ರೂ ಸುಡದಂಗ ಏನಾರ ಹಾಕಾಕ ಬರಂಗಿಲ್ಲೇನು ಅಪ್ಪಾ?" ಎಸ್ತೇರ ಕೇಳಿದಳು.

"ಒಂದು ರೆಸಿಸ್ಟರ್ ಹಾಕಬಹುದು, ಶಕ್ತಿ ಅದರಾಗ ಹಾಯ್ದು ಹೋಗತೈತಿ. ಆದ್ರ ಯಾರು ತೆಗೀತಾರವಾ? ಎಲ್ಲಾರೂ ನಮ್ಮವರ ಅದಾರ."

ಎಲ್ಲರಿಗಿಂತ ಗಮನವಿಟ್ಟು ಕೇಳಿದವನು ಮಾಸ್ತರ.

ದಿನ ಕಳೆದಂತೆ ಜನ ಕೂಗತೊಡಗಿದರು: "ಮಾಸ್ತರ, ನೀವು ಕುಂದರ್ರಿ, ಗಿಟಾರ್ ಅಕ್ಕನ್ನ ಕರೀರಿ!" ಮಾಸ್ತರ ಜನರ ಜೊತೆಗೇ ನಕ್ಕುಬಿಡುತ್ತಿದ್ದ.

ಒಮ್ಮೆ ದೊಡ್ಡ ಕಾರ್ಯಕ್ರಮ. ಎಸ್ತೇರಳ ಗಿಟಾರನ್ನು ರೆಕಾರ್ಡ್ ಮಾಡಿಸುವ ಯೋಚನೆಯಿಂದ ಬೆಂಗಳೂರಿನವರೊಬ್ಬರು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವಳು ತಾನೇ ಪಿನ್ನು ಚುಚ್ಚಿ, ತಂತಿ ಮೀಟಿ ನೋಡಿ, ನನಗೆ ಬೆನ್ನು ಮಾಡಿ ಕುಳಿತಳು. ಮಾಸ್ತರ ಕರ್ಚೀಪು ಬೀಳಿಸಿದ. ಎತ್ತಿಕೊಳ್ಳುವ ನೆಪದಲ್ಲಿ ನನ್ನ ಹಿಂದೆ ಬಗ್ಗಿದ. ತಣ್ಣನೆಯ ಉಂಗುರಗಳು ನನಗೆ ತಾಗಿದವು. ಪಿನ್ನು ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಕಿತ್ತ.

ಎಸ್ತೇರ ನುಡಿಸಿದಳು. ಸದ್ದಿಲ್ಲ. ಗಾಬರಿಯಾಗಿ ನನ್ನ ವಾಲ್ಯೂಮನ್ನು ಪೂರ್ತಿ ತಿರುವಿ ಮತ್ತೆ ನುಡಿಸಿದಳು.

"ಏನವಾ, ಗಿಟಾರಿಗೆ ನಿದ್ದಿ ಬಂತೇನು?" ಮಾಸ್ತರ ಮೈಕಿನಲ್ಲಿ ಕೇಳಿದ. ಜನ ಹೋ ಎಂದು ನಕ್ಕರು.

ಅವಳ ಹಾಡು ನನ್ನೊಳಗೆ ಪೂರ್ತಿ ಬಂದಿತ್ತು. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಹಾಳೆಗಳು ನಡುಗುತ್ತ, ಸೊಳ್ಳೆಯಷ್ಟು ಸಣ್ಣಗೆ, ಒಂದು ಸ್ವರವೂ ತಪ್ಪದೆ ಅದನ್ನೇ ಹಾಡಿದವು. ಆ ನಗುವಿನಲ್ಲಿ ಯಾರಿಗೆ ಕೇಳಿಸೀತು? ಆಮೇಲೆ ನನ್ನಿಂದ ಹೊಗೆ ಎದ್ದಿತು.

"ಅಪ್ಪ ಕಟ್ಟಿದ ಒಲಿ ಹತ್ತಿಕೊಂತು ನೋಡ್ರೆಪಾ!" ಅಂದ ಮಾಸ್ತರ. ಬೆಂಗಳೂರಿನವರು ಮೂಗು ಮುಚ್ಚಿಕೊಂಡು ಎದ್ದು ಹೋದರು.

ಮನೆಯಲ್ಲಿ ದಾನಿಯೇಲಪ್ಪ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿದ. "ಪಿನ್ ಹಾಕೂದು ಮರತಿ."

"ಹಾಕಿದ್ದೆ ಅಪ್ಪಾ. ಮೀಟಿನೂ ನೋಡಿದ್ದೆ. ಮಾಸ್ತರು ಹಿಂದ ಬಗ್ಗಿದ್ರು..."

"ತಮ್ಮ ಕಾರ್ಯಕ್ರಮ ತಾವ ಹಾಳ ಮಾಡ್ಕೊಳ್ಳಾಕ ಅವರಿಗೇನ ಹುಚ್ಚು ಹಿಡದೈತಿ?"

"ಹಂಗಾರ ಪಿನ್ ತಾನ ಬಿಚ್ಚಿಕೊಂಡಿರಬೇಕು."

ಅವನು ಪಿನ್ನು ಚುಚ್ಚಿದ. ವೈರು ಹಿಡಿದು ಜಗ್ಗಿದ, ನನ್ನನ್ನು ಗಡಗಡ ಅಲುಗಾಡಿಸಿದ. ಪಿನ್ನು ಮಿಸುಕಲಿಲ್ಲ.

"ನೋಡು. ತಾನ ಬಿಚ್ಚಿ ಬರಂಗಿಲ್ಲ. ನಾ ಮಾಡಿದ್ದು. ತಪ್ಪು ಮಾಡಿದ್ದಲ್ಲದ ಇನ್ನೊಬ್ಬರ ಮ್ಯಾಲ ಹಾಕ್ತಿ."

ಅವನ ಒಳ್ಳೆಯ ಕೆಲಸವೇ ಮಗಳ ವಿರುದ್ಧ ಸಾಕ್ಷಿಯಾಯಿತು. ಕಿತ್ತ ಕೈ ಯಾರದೆಂದು ಬಲ್ಲವನು ನಾನೊಬ್ಬನೇ. ಆದರೆ ಯಾರಾದರೂ ತಂತಿ ಮೀಟದೆ ನಾನು ಮಾತಾಡಲಾರೆ. ಮೀಟಿದರೂ ಅವರ ಮಾತನ್ನಷ್ಟೇ ಆಡಬಲ್ಲೆ.

ದಾನಿಯೇಲಪ್ಪ ಸುಟ್ಟ ತಂತಿಯನ್ನು ಬಿಚ್ಚಿ, ಸುತ್ತಿನ ಮೇಲೆ ಸುತ್ತು ಹೊಸದನ್ನು ಸುತ್ತಿದ. ನನ್ನ ದನಿ ಮೊದಲಿನಂತೆಯೇ ಆಯಿತು. ಎಸ್ತೇರ ಮತ್ತೆ ನನ್ನನ್ನು ಮುಟ್ಟಲಿಲ್ಲ. ಪಕ್ಕದ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯತೊಡಗಿದಳು. ಮಾಸ್ತರ ಮುಖ ಸಣ್ಣ ಮಾಡಿಕೊಂಡು ಬಂದು, ದಾನಿಯೇಲಪ್ಪನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿ, ನನ್ನನ್ನು ಕೊಂಡೊಯ್ದ. ಬೇರೊಬ್ಬ ಗಿಟಾರಿನವನು ಬಂದ. ಅಷ್ಟು ಚೆನ್ನಾಗಿ ರಿಪೇರಿಯಾಗಿದ್ದ ನಾನು ಮಾಸ್ತರನ ಹಾಡುಗಳಿಗೆ ವರ್ಷಗಟ್ಟಲೆ ದನಿಗೂಡಿಸಿದೆ. ಒಂದು ದಿನವೂ ಕೆಡಲಿಲ್ಲ.

ದಾನಿಯೇಲಪ್ಪ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಲಾರಿಯಲ್ಲಿ.

"ಸಾಯೂ ಮುಂದೂ ಮಗಳಿಗೆ ಅಂದ್ನಂತ, 'ಒಂದ್ಸಲನಾರ ಖರೆ ಹೇಳವಾ' ಅಂತ," ಮಾಸ್ತರ ಹೇಳಿ ತೊಡೆ ತಟ್ಟಿಕೊಂಡು ನಕ್ಕ. ನಾನು ಅವನ ಕಾಲಿನ ಬಳಿಯೇ ಇದ್ದೆ.

ಮಾಸ್ತರನೂ ಹೋದ. ನಾನೀಗ ಹಳೇ ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯ ಮೂಲೆಯಲ್ಲಿದ್ದೇನೆ. ತೆರೆಯುವುದು ಸುಲಭವಾದ್ದರಿಂದ ಎಷ್ಟೋ ಮೆಕ್ಯಾನಿಕ್‌ಗಳು ನನ್ನನ್ನು ತೆರೆದಿದ್ದಾರೆ. ಎಲ್ಲರೂ ಮೊದಲು ವೈರಿಂಗ್ ನೋಡಿ ಮೆಚ್ಚುತ್ತಾರೆ. ಆಮೇಲೆ ಟ್ರಾನ್ಸ್‌ಫಾರ್ಮರಿನ ಬುಡದ ಮಸಿ ಕಾಣುತ್ತದೆ. ಎಲ್ಲರೂ ಅನ್ನುವುದನ್ನೇ ಈ ಅಂಗಡಿಯವನೂ ಅಂದ:

"ಯಾರೋ ಮಬ್ಬರು ಸ್ಪೀಕರ್ ಹಾಕದ ಬಾರಿಸ್ಯಾರ."

ಅವನು ಡಬ್ಬಿಯಿಂದ ಒಂದು ಸಣ್ಣ ರೆಸಿಸ್ಟರ್ ಹುಡುಕಿ ಬೆಸುಗೆ ಹಾಕಿದ. ಕಡಲೆಕಾಯಿ ಬೀಜದಷ್ಟೇ. "ಇನ್ನ ಪಿನ್ ತೆಗದ್ರೂ ಏನೂ ಆಗಂಗಿಲ್ಲ," ಅಂದ. ನಾಲ್ಕು ಸ್ಕ್ರೂ ಬಿಗಿದ. ಕೊನೆಗೆ ಪಿನ್ನು ಚುಚ್ಚಿ, ವೈರು ಹಿಡಿದು ಜಗ್ಗಿ ನೋಡಿದ. ಬರಲಿಲ್ಲ.

"ಭಾಳ ಛಲೋ ಮಾಡ್ಯಾನ," ಅಂದ.