ಅಜ್ಜಿಯ ಕೈ ನಿಂತ ಸಾಲು

ಕೇಳುವವರು ಅರ್ಥವಾಗದ್ದನ್ನು ಮುಖದಲ್ಲಿ ತೋರಿಸುವುದಿಲ್ಲ, ಕೈಯಲ್ಲಿ ತೋರಿಸುತ್ತಾರೆ ಎಂದು ರಿಹಾಬಳಿಗೆ ಕಲಿಸಿದವರು ತಿಜಾನಿ ಮೇಷ್ಟ್ರು. ಮರುಭೂಮಿಯಂಚಿನ ಖರ್ಜೂರದ ಊರು ತೋಜೂರಿನ ವಾರಪತ್ರಿಕೆಯೊಂದರಲ್ಲಿ ವಿಜ್ಞಾನದ ಪುಟ ಅವರದು. ಪ್ರಯೋಗಾಲಯದ ಮಾತನ್ನು ಜನರ ಮಾತಾಗಿಸುವ ವಿದ್ಯೆಯನ್ನು ಅವಳು ಅವರಿಂದ ಕಲಿಯುತ್ತಿದ್ದಳು. ಹೆತ್ತ ತಂದೆಯಷ್ಟೇ ನಂಬಿದ್ದಳು.

ಹುರಿದ ಖರ್ಜೂರದ ಬೀಜದ ಕಷಾಯ ಸಕ್ಕರೆ ಕಾಯಿಲೆಯನ್ನು ತಗ್ಗಿಸುತ್ತದೆಯೇ ಎಂಬುದು ಪ್ರಯೋಗಾಲಯದಲ್ಲಿ ಅವಳ ಸಂಶೋಧನೆ; ಮೊದಲ ಲೇಖನವೂ ಅದರ ಮೇಲೆಯೇ. ಬರೆದದ್ದನ್ನೆಲ್ಲ, ಸಕ್ಕರೆ ಕಾಯಿಲೆಗೆ ದಿನಾ ಗುಳಿಗೆ ನುಂಗುವ, ಓದು ಬಾರದ ಅಜ್ಜಿ ಮನೂಬಿಯಾಗೆ ಓದಿ ಹೇಳುವಳು. ಅಜ್ಜಿ ಮರದ ಹರಿವಾಣದಲ್ಲಿ ರವೆಗೆ ನೀರು ಚಿಮುಕಿಸಿ, ದೇವರ ನಾಮ ಗುನುಗುತ್ತ ಕುಸ್‌ಕುಸ್ ಹೊಸೆಯುವಳು. ಅಂಗೈ ನಿಂತಲ್ಲಿ ರಿಹಾಬ್ ಗೆರೆ ಎಳೆಯುವಳು. ಮಾರನೆಯ ಓದಿಗೆ ಆ ಸಾಲು ತಿದ್ದಿಕೊಂಡಿರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ.

ಕೊನೆಗೆ ಒಂದೇ ಕಡೆ ಕೈ ನಿಂತಿತು: ‘ಇದು ಕಂಡದ್ದು ಇಲಿಗಳಲ್ಲಿ ಮಾತ್ರ, ಯಾರೂ ಗುಳಿಗೆ ಬಿಡಬಾರದು.’

“ಇಲಿಗೂ ಸಕ್ಕರೆ ಕಾಯಿಲೆನಾ? ನಮ್ಮನೆ ಇಲಿಗೆ ಬಂದಿಲ್ವಲ್ಲೇ, ದಿನಾ ಖರ್ಜೂರ ತಿಂದ್ರೂ.”

ಇಬ್ಬರೂ ನಕ್ಕರು. ಆ ಸಾಲನ್ನು ಮಾತ್ರ ರಿಹಾಬ್ ಮುಟ್ಟಲಿಲ್ಲ. ಲೇಖನ ಕೊಡುವಾಗ ಅಜ್ಜಿಯ ಕೈ ಅಲ್ಲಿ ನಿಂತದ್ದನ್ನೂ ಅವಳ ತಮಾಷೆಯನ್ನೂ ಮೇಷ್ಟ್ರಿಗೆ ಹೇಳಿದಳು.

ಅದು ಅಚ್ಚಾದಾಗ ಅವಳು ಕೆಲಸದ ಮೇಲೆ ಪರವೂರಿನಲ್ಲಿದ್ದಳು. ಮರಳಿ ಬಂದರೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ತಲೆದೆಸೆಯಲ್ಲಿ ಬೀಜದ ಕಷಾಯ. ಗುಳಿಗೆ ಬಿಟ್ಟು ಸಕ್ಕರೆ ಏರಿದೆ ಎಂದು ವೈದ್ಯರು ಗದರಿ ಹೋಗಿದ್ದರು.

“ಇಲಿ ಮಾತು ನಿಂಗೆ ಗೊತ್ತಿತ್ತಲ್ಲ ಅಜ್ಜಿ?”

“ಗೊತ್ತಿತ್ತು ಮಗಾ. ಪಕ್ಕದ್ಮನೆಯವ್ಳು ಪತ್ರಿಕೆ ಓದಿದಾಗ ಅದಿರ್ಲಿಲ್ಲ. ತಪ್ಪಿದ್ದನ್ನೆಲ್ಲ ನೀನು ತೆಗೀತಾ ಬಂದಿದ್ದೆ. ಅದೂ ತಪ್ಪೇ ಇರ್ಬೇಕು ಅಂದ್ಕೊಂಡೆ.”

ರಿಹಾಬ್ ಮೇಷ್ಟ್ರ ಮುಂದೆ ಹೋಗಿ ನಿಂತಳು. ಅವರು ಪುದೀನ ಚಹಾ ತರಿಸಿದರು. ಇಲಿ ಬಂದರೆ ಓದುಗ ಪುಟ ಮಗುಚುತ್ತಾನೆ ಎಂದರು. ತಿದ್ದುಪಡಿ ಹಾಕಿದರೆ ಪುಟದ ಮರ್ಯಾದೆ ಹೋಗುತ್ತದೆ ಎಂದರು. ದನಿ ಒಂದಿಷ್ಟೂ ಏರಲಿಲ್ಲ.

“ಅಜ್ಜಿ ಕೈ ಅಲ್ಲೇ ನಿಂತ್ಕೊಳ್ತು ಅಂತ ನೀನೇ ಹೇಳಿದ್ಯಲ್ಲಮ್ಮ. ನಿಂಗೆ ಕಲಿಸಿದ್ದನ್ನೇ ನಾನೂ ಮಾಡ್ದೆ, ಆ ಸಾಲು ತೆಗ್ದೆ.”

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ? ಚಹಾ ಮುಟ್ಟದೆ ಎದ್ದು ಬಂದಳು.

ಆ ಸಂಜೆ, ಮೇಷ್ಟ್ರು ತೆಗೆದ ಸಾಲು ತಪ್ಪಲ್ಲವೆಂದು ಹೇಳಿ ಅದನ್ನು ಅಜ್ಜಿಗೆ ಮತ್ತೆ ಓದಿದಳು. ಅಜ್ಜಿ ಬಿಸ್ಮಿಲ್ಲಾ ಎಂದು ಗುಳಿಗೆ ನುಂಗಿದಳು. ದೇವರ ದಯೆ, ಚೇತರಿಸಿಕೊಂಡು ಹರಿವಾಣದ ಮುಂದೆ ಕುಳಿತಳು. ಬೇರೊಂದು ಪತ್ರಿಕೆಗೆಂದು ರಿಹಾಬ್ ಹೊಸದಾಗಿ ಬರೆದು, ಇಲಿಯ ಮಾತನ್ನೇ ಮೊದಲಿಗಿಟ್ಟು ಓದಿದಳು. ಅಂಗೈ ಸುತ್ತುತ್ತಲೇ ಇತ್ತು, ಎಲ್ಲೂ ನಿಲ್ಲಲಿಲ್ಲ.

“ಅರ್ಥ ಆಯ್ತಾ ಅಜ್ಜಿ?”

“ಆಯ್ತು ಮಗಾ,” ಅಜ್ಜಿ ತಲೆಯೆತ್ತದೆ ಕೇಳಿದಳು, “ಇದ್ರಲ್ಲಿ ಪತ್ರಿಕೆಯವ್ರು ಯಾವ್ದನ್ನ ತೆಗೀತಾರೆ?”