ಕಟೀ ಎಂದು ಕೆತ್ತಿ

ನನ್ನ ಗಂಡ ಸತ್ತ ವಾರ ಊರಿನವರು ಸಾರು ಹೊತ್ತುಕೊಂಡು ತಪ್ಪು ಮನೆಗೆ ಹೋದರು.

ತಪ್ಪು ಅವರದಲ್ಲ. ಮಾವ ಪತ್ರಿಕೆಗೆ ಕೊಟ್ಟ ಪ್ರಕಟಣೆಯಲ್ಲಿ 'ಜೋಸೆಫ್ ಮೇರ್, ಮೀನುಗಾರ' ಎಂದಷ್ಟೇ ಇತ್ತು. ಕ್ರೇಗ್‌ಹೇವನ್‌ನಲ್ಲಿ ಹಾಗೆ ಬರೆದರೆ ಯಾರನ್ನೂ ಹೇಳಿದ ಹಾಗಾಗುವುದಿಲ್ಲ. ಅರ್ಧ ಊರು ಮೇರ್‌ಗಳದು, ಉಳಿದರ್ಧ ಸ್ಲೇಟರ್‌ಗಳದು. ಹಿರಿಮಗನಿಗೆ ಅಜ್ಜನ ಹೆಸರನ್ನೇ ಇಡಬೇಕು. ಹೀಗಾಗಿ ಒಂದೊಂದು ಮನೆತನಕ್ಕೂ ಒಂದೊಂದು ಅಡ್ಡಹೆಸರು. ಕಾಗದದ ಮೇಲೆ ಅದಿಲ್ಲದಿದ್ದರೆ ಅಂಚೆಯವಳು ಬೈಯುತ್ತಾಳೆ. ನನ್ನ ಗಂಡ ಜೋಸೆಫ್ ಮೇರ್ ಕಟೀ. ಸಾರು ಹೋದದ್ದು ಜೋಸೆಫ್ ಮೇರ್ ಬಾಬಿನ್ ಮನೆಗೆ.

ಸಂಜೆ ಬಾಬಿನ್ ಮುದುಕ ಪಾತ್ರೆಗಳನ್ನೆಲ್ಲ ಕೈಗಾಡಿಯಲ್ಲಿ ಹೇರಿಕೊಂಡು ನಮ್ಮ ಬಾಗಿಲಿಗೆ ಬಂದ.

"ಬೆಳಿಗ್ಗೆಯಿಂದ ನಾನು ಸತ್ತೆ ಅಂತ ಕೇಳ್ಕೊಂಡು ಕೂತಿದೀನಿ ಕಣಮ್ಮಾ," ಅಂದ. "ಒಬ್ಬಳಂತೂ ಬಾಗಿಲಲ್ಲಿ ನನ್ನ ಮುಖ ನೋಡಿ, 'ಥೂ, ನೀನಾ' ಅಂದ್ಲು. ಬದುಕಿರೋದೇ ತಪ್ಪು ಅನ್ನೋ ಹಾಗೆ."

ನಾನು ಪಾತ್ರೆಗಳನ್ನು ಒಳಗಿಟ್ಟೆ. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ನಿಮ್ಮ ಮಾವ ಕಟೀ ಅಂತ ಯಾಕೆ ಹಾಕಿಸ್ಲಿಲ್ಲ?"

"ಗೊತ್ತಿಲ್ಲ."

"ಗೋರಿಕಲ್ಲಿನ ಮೇಲಾದ್ರೂ ಹಾಕ್ಸು ತಾಯಿ. ಅಲ್ಲಿ ಜೋಸೆಫ್ ಮೇರ್‌ಗಳು ಸಾಲುಸಾಲಾಗಿ ಮಲಗಿದಾರೆ. ನಾಳೆ ನಾನೂ ಹೋದ್ಮೇಲೆ ನನ್ನ ಹೆಂಡ್ತಿ ಬಂದು ನಿನ್ನ ಗಂಡನ ತಲೆ ಹತ್ರ ಕೂತ್ಕೊಂಡು ನನ್ನ ಬಯ್ತಾಳೆ. ಪಾಪ, ಅವನಿಗ್ಯಾಕೆ ಆ ಶಿಕ್ಷೆ."

ಜೋ ಸತ್ತದ್ದು ಸಮುದ್ರದಲ್ಲಲ್ಲ. ಬಂದರಿನ ರಸ್ತೆಯಲ್ಲಿ, ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿ ಜಾರಿತು. ಅಷ್ಟೇ.

ಕಲ್ಲಿನ ಮಾತು ವಸಂತದಲ್ಲಿ ಬಂತು. ಭಾನುವಾರ ಚರ್ಚ್ ಮುಗಿಸಿ ಅತ್ತೆಯ ಮನೆಯಲ್ಲಿ ಊಟ. ಕೊಚ್ಚಿದ ಮಾಂಸ, ಆಲೂಗಡ್ಡೆ. ಮಾವ ಒಂದು ಚೀಟಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ಕಲ್ಲುಕುಟಿಗನಿಗೆ ಕೊಡಬೇಕಾದ ಒಕ್ಕಣೆ. ಅದರಲ್ಲಿ ಕಟೀ ಇರಲಿಲ್ಲ.

"ಇದರಲ್ಲಿ ಜೋನ ಹೆಸರಿಲ್ಲ," ಅಂದೆ.

"ಅಲ್ಲೇ ಇದೆಯಲ್ಲ. ನಿನ್ನ ಕಣ್ಣಿಗೇನಾಗಿದೆ?"

"ಕಟೀ ಇಲ್ಲ ಮಾವ."

"ಅದು ದೋಣಿಯ ರೇಡಿಯೋದಲ್ಲಿ ಕೂಗೋಕೆ, ಹೆಂಡದಂಗಡಿಯಲ್ಲಿ ಕರೆಯೋಕೆ. ದೇವರ ಅಂಗಳದಲ್ಲಿ ನಿಲ್ಲೋ ಕಲ್ಲಿಗಲ್ಲ."

"ಬಾಬಿನ್‌ಗಳ ಕಲ್ಲಿನ ಮೇಲೆ ಬಾಬಿನ್ ಅಂತ ಇದೆ."

"ಬಾಬಿನ್‌ಗಳು ಏನು ಬೇಕಾದ್ರೂ ಮಾಡ್ಕೊಳ್ಲಿ. ನಾನು ಚರ್ಚಿನ ಹಿರಿಯ. ಹೊರಗಿನಿಂದ ಬಂದವಳು ನೀನು, ಉನಾ. ಗ್ಲಾಸ್ಗೋದಲ್ಲಿ ಓದಿದ ಮಾತ್ರಕ್ಕೆ ಈ ಊರು ಗೊತ್ತಾಗಲ್ಲ."

"ಹಾಗಾದ್ರೆ ಹೇಳಿ. ಕಟೀ ಅಂದ್ರೆ ಏನು?"

"ಮೋಟು ಪೈಪು. ಯಾರೋ ಮುತ್ತಜ್ಜ ಸೇದ್ತಿದ್ದ."

ಅತ್ತೆ ಜೀನಾ ಎದ್ದು ಆಲೂಗಡ್ಡೆಯ ಪಾತ್ರೆ ತೆಗೆದುಕೊಂಡು ಒಳಗೆ ಹೋದರು. ಪಾತ್ರೆಯಲ್ಲಿ ಇನ್ನೂ ಆಲೂಗಡ್ಡೆ ಇತ್ತು.

ಇಲ್ಲಿನ ಮಾತಿನಲ್ಲಿ ಕಟೀ ಅಂದರೆ ಮೋಟು. ಜೋನ ಮನೆತನದಲ್ಲಿ ಬಾಗಿಲಿಗೆ ತಲೆ ತಗ್ಗಿಸದೆ ಒಳಬರುವ ಗಂಡಸಿಲ್ಲ. ಪೈಪಿನ ಕತೆಯನ್ನು ಜೋ ಕೂಡ ನಂಬಿದ್ದ. ಪೈಪಿನ ಮೇಲೆ ಇಷ್ಟು ಕೋಪವೇಕೆ ಎಂದು ನನಗೆ ತಿಳಿಯಲಿಲ್ಲ. ಮನೆಯಲ್ಲಿ ಕೂರಲೂ ಆಗುತ್ತಿರಲಿಲ್ಲ. ಹಳೆಯ ದಾಖಲೆಗಳನ್ನು ಹುಡುಕಲು ಎಡಿನ್‌ಬರೋಗೆ ಹೋದೆ.

ವಂಶ ಹುಡುಕುವವರು ತೀರಾ ಈಚಿನ ಕಾಗದದಿಂದ ಹಿಂದಕ್ಕೆ ನಡೆಯಬೇಕು. ನನ್ನ ಈಚಿನ ಕಾಗದ ಜೋನ ಮರಣಪತ್ರ. ಅದರಲ್ಲಿ ಮಾಹಿತಿ ಕೊಟ್ಟವರು ಎಂಬಲ್ಲಿ ನನ್ನ ಸಹಿ ಇದೆ. ಆ ಸಹಿ ಹಾಕಿದ್ದು ನನಗೆ ನೆನಪಿಲ್ಲ.

ಅಲ್ಲಿಂದ ಹಿಂದಕ್ಕೆ. ನಮ್ಮ ದೇಶದ ಮರಣಪತ್ರಗಳು ಉದಾರ: ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ತವರಿನ ಹೆಸರು. ಒಬ್ಬರು ಸಿಕ್ಕರೆ ಇಬ್ಬರು ಸಿಗುತ್ತಾರೆ. ಆದರೆ ಎಲ್ಲರೂ ಜೋಸೆಫ್ ಮೇರ್, ಎಲ್ಲರೂ ಮೀನುಗಾರರು. ಮೊದಲ ದಿನವೆಲ್ಲ ನಾನು ಬಾಬಿನ್‌ಗಳ ಅಜ್ಜಂದಿರನ್ನು ಹಿಂಬಾಲಿಸಿದ್ದೆ. ಕಟೀ ಎಂಬ ಪದ ಕಂಡ ಕಡೆ ಮಾತ್ರ ಕಾಲಿಡಬೇಕೆಂದು ಆಮೇಲೆ ಕಲಿತೆ. ಕತ್ತಲ ಮನೆಯಲ್ಲಿ ಗೋಡೆ ಸವರಿಕೊಂಡು ಹೋಗುವ ಹಾಗೆ ಆ ಒಂದು ಪದವನ್ನು ಸವರಿಕೊಂಡು ಹೋದೆ.

ಒಬ್ಬ ಜೋಸೆಫ್ ಮದುವೆಯ ದಾಖಲೆಗೆ ತಾನೇ ಸಹಿ ಹಾಕಿದ್ದ. ಅಕ್ಷರ ಪಳಗದ ಕೈ. ಒತ್ತಿ ಒತ್ತಿ ಬರೆದಿದ್ದ: ಜೋಸೆಫ್ ಮೇರ್ ಕಟೀ. ಗುಮಾಸ್ತ ತನ್ನ ಸಾಲಿನಲ್ಲಿ ಕಟೀ ಬರೆಯದೆ ಬಿಟ್ಟಿದ್ದ. ಇವನು ಬಿಟ್ಟಿರಲಿಲ್ಲ.

ಅವನ ಅಪ್ಪನ ನಾಮಕರಣದ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ತಾಯಿ ಇಸೊಬೆಲ್ ಮೇರ್. ನಮ್ಮ ಮನೆತನಕ್ಕೆ ಮೇರ್ ಎಂಬ ಹೆಸರು ಬಂದದ್ದೇ ಅವಳಿಂದ.

ಖಾಲಿ ಜಾಗ ಕಂಡರೆ ಚರ್ಚಿನ ಹಿರಿಯರ ಸಭೆಯ ನಡಾವಳಿ ನೋಡಬೇಕು. ಅಂಥ ಖಾಲಿ ಜಾಗಗಳನ್ನು ತುಂಬಿಸುವುದೇ ಅವರ ಕೆಲಸವಾಗಿತ್ತು. ಇಸೊಬೆಲ್‌ಳನ್ನು ಕರೆಸಿದ್ದರು. ಮಗು ಯಾರದು ಎಂದು ಕೇಳಿದ್ದರು. 'ನನ್ನದು ಎನ್ನುತ್ತಾಳೆ' ಎಂದು ಬರೆದಿದೆ. ಮತ್ತೆ ಕರೆಸಿದ್ದರು. 'ಹಿಂದೆ ಹೇಳಿದ್ದನ್ನೇ ಹೇಳುತ್ತಾಳೆ.' ಭಾನುವಾರ ಎಲ್ಲರೆದುರು ಪಶ್ಚಾತ್ತಾಪದ ಮೋಟು ಮಣೆಯ ಮೇಲೆ ಕೂರಬೇಕೆಂದು ಶಿಕ್ಷೆ ವಿಧಿಸಿದ್ದರು. ಆ ಮಣೆಗೆ ಊರಿನ ಮಾತಿನಲ್ಲಿ ಕಟೀ ಎನ್ನುತ್ತಿದ್ದರು.

ಮುಂದಿನ ಸಾಲನ್ನು ಮೂಲೆಯ ಮೇಜಿನ ಬಳಿ ಕೂತು ಎಷ್ಟು ಸಲ ಓದಿದೆನೋ. 'ಸದರಿ ಇಸೊಬೆಲ್, ಚರ್ಚಿನ ಮಣೆ ಅಲುಗಾಡುತ್ತದೆಂದು ಹೇಳಿ, ಮನೆಯಿಂದ ತನ್ನದೇ ಮಣೆ ತಂದು ಅದರ ಮೇಲೆ ಕುಳಿತಳು. ಸಭೆಗೆ ಇದು ಅವಿಧೇಯತೆಯೆಂದು ಕಂಡಿತು.' ಮಣೆ ತರಕೂಡದೆಂದು ಆಜ್ಞೆ. ಮರುವಾರ ಮತ್ತೆ ತಂದಳು. ಅವಳು ಅತ್ತಳೆಂದು ಎಲ್ಲೂ ಇಲ್ಲ. ಕ್ಷಮೆ ಕೇಳಿದಳೆಂದೂ ಇಲ್ಲ. ಆಮೇಲೆ ನಡಾವಳಿ ಚರ್ಚಿನ ಸೋರುವ ಮಾಡಿನ ವಿಷಯಕ್ಕೆ ಹೋಗುತ್ತದೆ.

ನಕಲು ಮಾಡಿಸಿ ತಂದು ಭಾನುವಾರ ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

"ಗೊತ್ತು," ಅಂದರು. "ನನ್ನಜ್ಜಿ ಹೇಳಿದ್ಲು. ಅದಕ್ಕೇ ಪೈಪು ಅಂತ ಹೇಳ್ಕೊಂಡು ಬಂದಿದೀವಿ. ನೀನು ಅಗೆದು ತೆಗೆದೆ. ತೃಪ್ತಿ ಆಯ್ತಾ?"

"ಊರಿಗೆ ಗೊತ್ತಾ?"

"ಮುದುಕರಿಗೆ ಗೊತ್ತು. ಬಾಯಿ ಬಿಡಲ್ಲ. ನೀನು ಕಲ್ಲಲ್ಲಿ ಕೆತ್ತಿಸಿದ್ರೆ ಮಕ್ಕಳು ಕೇಳ್ತಾರೆ. ನಾನು ಅದೇ ಚರ್ಚಲ್ಲಿ ಮುಂದೆ ನಿಲ್ಲಬೇಕು ಕಣೇ!"

"ಅವಳೂ ಅಲ್ಲೇ ಮುಂದೆ ಕೂತಿದ್ಲು."

ಮಾವ ಮೇಜಿಗೆ ಕೈ ಬಡಿದರು. ಚಮಚ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರ ದನಿ ತಗ್ಗಿತು. "ನೋಡು, ಜಗಳ ಬೇಡ. ಕೆಳಗಡೆ ಸಣ್ಣಕ್ಷರದಲ್ಲಿ ಹಾಕ್ಸು. ಕಂಸದೊಳಗೆ. ಹುಲ್ಲು ಬೆಳೆದ್ರೆ ಕಾಣಲ್ಲ."

ಹುಲ್ಲು ಬೆಳೆದರೆ ಎಂಬ ಮಾತಿನ ತನಕ ನಾನು ಒಪ್ಪುವವಳಿದ್ದೆ. ದಣಿದಿದ್ದೆ. ಈ ಮನೆಯ ಭಾನುವಾರದ ಊಟ ಬಿಟ್ಟರೆ ನನಗೆ ಊರಲ್ಲಿ ಬೇರೆ ಬಾಗಿಲಿರಲಿಲ್ಲ.

"ಬೇಡ," ಅಂದೆ. "ಮೇರ್ ಎಷ್ಟು ದೊಡ್ಡದೋ ಕಟೀನೂ ಅಷ್ಟೇ ದೊಡ್ಡದು. ಕಂಸ ಇಲ್ಲ. ಒಂದೇ ಸಾಲು."

"ಹಾಗೆ ಮಾಡಿದ್ರೆ ಆ ಕಲ್ಲಿನ ಹತ್ರ ನಾನು ಬರಲ್ಲ. ನೀನು ಈ ಮೇಜಿಗೆ ಬರೋದೂ ಬೇಡ."

"ಸರಿ."

"ಏನು ಸರಿ?"

"ನೀವು ಬರಬೇಡಿ. ನಾನೂ ಬರಲ್ಲ. ಜೋ ಯಾರು ಅಂತ ಓದಿದವರಿಗೆ ಗೊತ್ತಾದ್ರೆ ಸಾಕು. ಸತ್ತವನು ನನ್ನ ಗಂಡ ಮಾವ, ಬಾಬಿನ್ ಅಲ್ಲ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒದ್ದೆ ಬಟ್ಟೆಯಿಂದ ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದರು. ನಾನು ಕೋಟು ಹಾಕಿಕೊಂಡು ಹೊರಟೆ.

ಮರುದಿನ ಕಲ್ಲುಕುಟಿಗನ ಕೆಲಸದ ಶೆಡ್ಡಿಗೆ ಹೋದೆ. ಅವನು ಸ್ಲೇಟರ್, ಅತ್ತೆಯ ಕಡೆಯವನು. ನನ್ನ ಚೀಟಿ ಓದಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

"ನಿಮ್ಮ ಮಾವ ನೋಡಿದಾರಾ ಇದನ್ನ?"

"ನೋಡಿದಾರೆ."

"ಒಪ್ಪಿದಾರಾ?"

"ಇಲ್ಲ. ಗೋರಿಯ ಜಾಗ ನನ್ನ ಹೆಸರಲ್ಲಿದೆ. ಕಟೀ ಎಂದು ಕೆತ್ತಿ."

ಅವನು ಪೆನ್ಸಿಲ್ಲಿನಿಂದ ಗಲ್ಲ ಕೆರೆದುಕೊಂಡ. "ಈ ಭಾನುವಾರ ನಾನು ಚರ್ಚಿಗೆ ಹೋಗದೇ ಇರೋದೇ ವಾಸಿ," ಅಂದು ಅಳತೆ ಪಟ್ಟಿ ತೆಗೆದ.

ಶೆಡ್ಡಿನ ಫೋನು ಆಗಲೇ ಹೊಡೆದುಕೊಂಡಿತು. ಅವನು ಎತ್ತಿಕೊಂಡ. ಹೂಂ, ಹೂಂ ಎನ್ನುತ್ತಾ ನನ್ನತ್ತ ನೋಡಿ ಫೋನು ಚಾಚಿದ. ಅತ್ತೆ.

"ಅಲ್ಲೇ ಇರ್ತೀಯ ಅಂತ ಗೊತ್ತಿತ್ತು," ಅಂದರು. "ಅಕ್ಷರ ಎಲ್ಲಾ ಒಂದೇ ಅಳತೆ ತಾನೇ?"

"ಒಂದೇ ಅಳತೆ ಅತ್ತೆ."

"ಅವನ ಹೆಸರಿನ ಕೆಳಗೆ ಜಾಗ ಬಿಡೋಕೆ ಹೇಳು. ಮೊದಲು ನಂಗೆ, ಆಮೇಲೆ ನಿಂಗೆ. ಮಗನ ಜೊತೆ ಮಲಗ್ತೀನಿ ನಾನು."

"ಮಾವ?"

ಆ ಕಡೆ ಕೆಟಲ್ ಕುದಿಯುವ ಸದ್ದು ಕೇಳುತ್ತಿತ್ತು.

"ಅವರ ಕಲ್ಲನ್ನ ಅವರೇ ನೋಡ್ಕೊಳ್ಲಿ," ಅಂದು ಅತ್ತೆ ಫೋನಿಟ್ಟರು.